ಐದೂವರೆ ಇಂಚಿನ ರಿಮ್ಮು

“ಬುದ್ಧಿ, ಇಬ್ಬರು ಒಳ್ಳೆಯವರು ಒಂದೇ ಕೋಣೆಯಲ್ಲಿ ಬಾಳಲಾರದೆ ಹೋದರೆ ತಪ್ಪು ಯಾರದು?” ಎಂದು ಅಡವೀಶ ಗುರುಗಳನ್ನು ಕೇಳಿದ.

ಮಠದ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ಶಿಷ್ಯರಲ್ಲಿ ಅವನೂ ಒಬ್ಬ. ಅವನೊಂದಿಗೆ ಒಂದೇ ಕೋಣೆಯಲ್ಲಿದ್ದ ಗುರುಪಾದ ಎಂಬವನು ಆ ವಾರ ಬಟ್ಟೆಯ ಚೀಲವನ್ನು ಹೆಗಲಿಗೇರಿಸಿಕೊಂಡು ಮಠ ಬಿಟ್ಟು ಹೋಗಿದ್ದ. ಜಗಳವಾಗಿರಲಿಲ್ಲ. ಹಲವು ವರ್ಷ ಜೊತೆಯಲ್ಲಿ ಉಂಡವರು, ಜೊತೆಯಲ್ಲಿ ಮಲಗಿ ಎದ್ದವರು. ಈಗ ಕೋಣೆಯ ಮೂಲೆಯಲ್ಲಿ ಅವನ ಚಾಪೆ ಸುತ್ತಿಟ್ಟ ಹಾಗೆಯೇ ಇತ್ತು. ಅದು ಕಣ್ಣಿಗೆ ಬಿದ್ದಾಗಲೆಲ್ಲ ಅಡವೀಶನಿಗೆ ಓದು ಮುಂದೆ ಹೋಗುತ್ತಿರಲಿಲ್ಲ.

“ನಾನು ಅವನಿಗೆ ಯಾವ ಕೊರತೆಯನ್ನೂ ಮಾಡಲಿಲ್ಲ, ಬುದ್ಧಿ. ಅವನೂ ನನಗೆ ಮಾಡಲಿಲ್ಲ. ಆದರೂ ಹೋದ. ಎಷ್ಟು ಹುಡುಕಿದರೂ ಕಾರಣ ಸಿಗುತ್ತಿಲ್ಲ.”

ಗುರುಗಳು ಓದುತ್ತಿದ್ದ ಪುಸ್ತಕವನ್ನು ಮುಚ್ಚಿಟ್ಟರು. “ಕೂತುಕೋ,” ಎಂದರು. ಅವನು ಕೂತ ಮೇಲೆ ಹೇಳತೊಡಗಿದರು.

ಬೋಳು ಕಲ್ಲುಗುಡ್ಡಗಳ ಮಗ್ಗುಲಲ್ಲಿ ಒಂದು ಊರು. ಆ ಊರಿನಲ್ಲಿ ರುದ್ರಮುನಿ ಎಂಬ ವ್ಯಾಪಾರಿ ಇದ್ದ. ಕಡಲೆಕಾಯಿ ಎಣ್ಣೆಯ ಗಿರಣಿ ಅವನದು. ಅವನ ಹೆಂಡತಿಯ ಹೆಸರು ಸರ್ವಮಂಗಳ. ಅವಳು ತವರಿನಲ್ಲಿ ಹೊಲಿಗೆ ಕಲಿತವಳು. ಗಂಡನ ಮನೆಗೆ ಬಂದ ಮೇಲೂ ಬಿಡಲಿಲ್ಲ. ಕೇರಿಯ ಹೆಂಗಸರು ರವಿಕೆಯ ಬಟ್ಟೆ ಹಿಡಿದು ಅವಳ ಬಳಿಗೇ ಬರುತ್ತಿದ್ದರು. ಅವಳು ಕತ್ತರಿಸಿದ ರವಿಕೆ ಎಲ್ಲಿಯೂ ಎಳೆಯುವುದಿಲ್ಲ, ಎಲ್ಲಿಯೂ ಉಬ್ಬುವುದಿಲ್ಲ ಎಂದು ಹೇಳುತ್ತಿದ್ದರು.

ಮದುವೆಯ ಹೊಸತರಲ್ಲಿ ರುದ್ರಮುನಿ ಅವಳಿಗೆ ಗಿರಣಿಯ ಹಳೇ ಜೀಪಿನಲ್ಲಿ ಗಾಡಿ ಓಡಿಸುವುದನ್ನು ಕಲಿಸಿದ್ದ. ಅವಳು ಬೇಗ ಕಲಿತಳು. ಆ ಊರಿನಲ್ಲಿ ಹೆಂಗಸರು ಜೀಪು ಓಡಿಸುವುದು ಇರಲಿಲ್ಲ. ಅವನು ಪಕ್ಕದಲ್ಲಿ ಕೂತು, ಎದುರಿಗೆ ಸಿಕ್ಕವರಿಗೆಲ್ಲ ಕೈ ಬೀಸುತ್ತಿದ್ದ. ಹೆಂಡತಿ ಓಡಿಸುವುದು ಅವನಿಗೆ ಹೆಮ್ಮೆಯ ಸಂಗತಿ.

ವರ್ಷಗಳು ಹೋದವು. ಮಕ್ಕಳಾಗಲಿಲ್ಲ. ಆಗುವುದಿಲ್ಲ ಎಂದು ವೈದ್ಯರು ಹೇಳಿದ ವರ್ಷವೇ ರುದ್ರಮುನಿ ನಗರಕ್ಕೆ ಹೋಗಿ ಒಂದು ಸ್ಪೋರ್ಟ್ಸ್ ಕಾರು ತಂದ. ಅದು ಯಾರೋ ಓಡಿಸಿ ಬಿಟ್ಟ ಹಳೆಯ ಕಾರು. ಆದರೂ ನೋಡಲು ಚೆಂದ. ನೆಲಕ್ಕೆ ತಗ್ಗಿ ಕೂತ ಮೈ, ಉದ್ದ ಮೂತಿ, ಒಳಗೆ ಎರಡೇ ಸೀಟು.

“ಇಬ್ಬರೇ ಕೂರುವ ಕಾರು ಯಾಕೆ ತಂದಿರಿ?” ಎಂದು ಸರ್ವಮಂಗಳ ಕೇಳಿದಳು.

“ನಾವಿರುವುದೇ ಇಬ್ಬರು,” ಎಂದ ಅವನು.

ನಗುತ್ತಲೇ ಹೇಳಿದ. ಅವಳೂ ನಕ್ಕಳು. ಆಮೇಲೆ ಇಬ್ಬರೂ ನಗುವುದನ್ನು ನಿಲ್ಲಿಸಿ ಕಾರಿನ ಕಡೆ ನೋಡಿದರು.

ಆ ಕಾರಿನಲ್ಲಿ ಮೊದಲು ಕಣ್ಣಿಗೆ ಬೀಳುತ್ತಿದ್ದುದು ಅದರ ಟೈರುಗಳು. ಅಗಲವಾದ, ಮಿರುಗುವ ಹೊಸ ಟೈರುಗಳು. ಊರ ಹೊರಗಿನ ಹೆದ್ದಾರಿಯಲ್ಲಿ ಮಕ್ಬೂಲ್ ಸಾಹೇಬರ ಟೈರ್ ಅಂಗಡಿ ಇತ್ತು. ಬರುವ ದಾರಿಯಲ್ಲೇ ಅಲ್ಲಿ ಹಾಕಿಸಿಕೊಂಡು ಬಂದೆ ಎಂದು ರುದ್ರಮುನಿ ಎಲ್ಲರಿಗೂ ಹೇಳಿದ. ಕೇರಿಯವರು ಬಂದು ಟೈರು ಮುಟ್ಟಿ ನೋಡಿದರು. ಹುಲಿಯ ಪಾದದ ಹಾಗಿದೆ ಎಂದು ಯಾರೋ ಅಂದರು. ಆ ಮಾತು ರುದ್ರಮುನಿಗೆ ಹಿಡಿಸಿತು. ಆಮೇಲೆ ತಾನೂ ಅದನ್ನೇ ಹೇಳುತ್ತಿದ್ದ.

ಊರ ಪಕ್ಕದ ಗುಡ್ಡದ ತುದಿಯಲ್ಲಿ ಟೀವಿ ಗೋಪುರ ಒಂದಿತ್ತು. ಅಲ್ಲಿಗೆ ಸುತ್ತಿ ಸುತ್ತಿ ಏರುವ ಡಾಂಬರು ರಸ್ತೆ. ಮೊದಲ ಭಾನುವಾರ ಅಲ್ಲಿಗೆ ಹೋಗೋಣ ಎಂದು ಸರ್ವಮಂಗಳ ಹೇಳಿದಳು. ರುದ್ರಮುನಿ ಸ್ವಲ್ಪ ತಡೆದ. ಆಮೇಲೆ, “ನೀನೇ ಓಡಿಸು,” ಎಂದು ಬೀಗದ ಕೈ ಕೊಟ್ಟ.

ನೇರ ರಸ್ತೆಯಲ್ಲಿ ಕಾರು ಹೋಯಿತು. ಲಾರಿಗಳ ಚಕ್ರ ಬಿದ್ದು ತಗ್ಗಾದ ಕಡೆ ಮಾತ್ರ ಅದು ತನ್ನಷ್ಟಕ್ಕೆ ಒಂದು ಪಕ್ಕಕ್ಕೆ ಎಳೆಯುತ್ತಿತ್ತು. ಹೊಸ ಗಾಡಿ, ಅಭ್ಯಾಸವಾಗಬೇಕು ಎಂದುಕೊಂಡಳು. ಗುಡ್ಡದ ಮೊದಲ ತಿರುವು ಬಂತು. ಅವಳು ಸ್ಟೀರಿಂಗ್ ತಿರುಗಿಸಿದಳು. ಕಾರು ಒಂದು ಕ್ಷಣ ಮಾತು ಕಿವಿಗೆ ಬೀಳದವರಂತೆ ನೇರ ಹೋಯಿತು. ಮರುಕ್ಷಣ ಒಮ್ಮೆಗೇ ಹೊರಳಿತು. ಅವಳು ಹಿಂದಕ್ಕೆ ತಿರುಗಿಸುವಷ್ಟರಲ್ಲಿ ಮುಂದಿನ ಮಡ್‌ಗಾರ್ಡು ತಡೆಗೋಡೆಗೆ ಉಜ್ಜಿಕೊಂಡು ನಿಂತಿತು. ಗೋಡೆಯ ಆಚೆ ಬರೀ ಇಳಿಜಾರು, ಬಂಡೆ.

ಯಾರಿಗೂ ಪೆಟ್ಟಾಗಲಿಲ್ಲ. ರುದ್ರಮುನಿ ಇಳಿದು ಕಾರಿನ ಸುತ್ತ ಬಂದ. ಮುಂದಿನ ಚಕ್ರದ ಬಳಿ ಬಗ್ಗಿ ಸ್ವಲ್ಪ ಹೊತ್ತು ನಿಂತ. ಅವನ ಮುಖ ಬಿಳಿಚಿಕೊಂಡಿತ್ತು. ಆಮೇಲೆ ಅವಳ ಬಾಗಿಲ ಬಳಿಗೆ ಬಂದು ಹೇಳಿದ: “ನಿನ್ನ ಕೈ ಇದಕ್ಕೆ ಸರಿಹೋಗುವುದಿಲ್ಲ, ಮಂಗಳಾ. ಆ ಕಡೆಗೆ ಹೋಗು.”

ಗದರಿದ್ದರೆ ಅವಳು ತಿರುಗಿ ಮಾತಾಡುತ್ತಿದ್ದಳು. ಅವಳ ಬಳಿ ಮಾತಿತ್ತು. ನಾನು ತಿರುಗಿಸಿದಾಗ ಕಾರು ತಿರುಗಲಿಲ್ಲ ಎನ್ನಬಹುದಿತ್ತು. ಆದರೆ ಅವನು ಮೆಲ್ಲಗೆ ಹೇಳಿದ. ಅಷ್ಟು ಮೆಲ್ಲಗೆ ಹೇಳಿದ್ದು ನಿಜವೇ ಇರಬೇಕು ಎಂದು ಅವಳಿಗೆ ಅನಿಸಿತು. ಅವಳು ಪಕ್ಕದ ಸೀಟಿಗೆ ಸರಿದಳು. ಅವನು ನಡೆಯುವವರಿಗಿಂತ ನಿಧಾನವಾಗಿ ಕಾರನ್ನು ಇಳಿಸಿದ. ತನಗೆ ಹೆದರಿಕೆಯಾಗಿದೆಯೆಂದು ತನ್ನ ಸಲುವಾಗಿ ಹೀಗೆ ಓಡಿಸುತ್ತಿದ್ದಾನೆ ಎಂದು ಅವಳು ತಿಳಿದಳು.

ಅಂದಿನಿಂದ ಅವಳು ಆ ಕಾರನ್ನು ಮುಟ್ಟಲಿಲ್ಲ. ಜೀಪನ್ನೂ ಬಿಟ್ಟಳು. ಒಲೆಯ ಮೇಲೆ ಹಾಲು ಉಕ್ಕಿದರೆ, ಕೈಯಿಂದ ಲೋಟ ಜಾರಿದರೆ, ನನ್ನ ಕೈಯೇ ಸರಿಯಿಲ್ಲ ಎಂದುಕೊಳ್ಳುವಳು. ಮೊದಮೊದಲು ಅದು ಬಾಯಿಮಾತಾಗಿತ್ತು. ಒಂದು ದಿನ ಎದುರು ಮನೆಯ ಪುಟ್ಟತಾಯಿ ರೇಷ್ಮೆಯ ರವಿಕೆ ಕಣ ತಂದುಕೊಟ್ಟಳು. ಸರ್ವಮಂಗಳ ಬಟ್ಟೆ ಹಾಸಿದಳು, ಅಳತೆ ಇಟ್ಟಳು, ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಕತ್ತರಿ ಹಿಡಿದ ಕೈ ಬಟ್ಟೆಯ ಅಂಚಿನಲ್ಲಿ ನಿಂತುಬಿಟ್ಟಿತು. ಬೆಲೆಯುಳ್ಳ ಬಟ್ಟೆ, ಕೆಡಿಸಿಬಿಟ್ಟರೆ ಎಂಬ ಭಯ. ಹಾಗೆಯೇ ಮಡಿಸಿ ಪುಟ್ಟತಾಯಿಗೆ ಹಿಂದಕ್ಕೆ ಕೊಟ್ಟಳು. ಬೇರೆ ಯಾರ ಹತ್ತಿರವಾದರೂ ಹೊಲಿಸಿಕೋ ಎಂದಳು. ಆಮೇಲೆ ಅವಳು ಹರಿದುದನ್ನು ಹೊಲಿದಳೇ ಹೊರತು ಹೊಸ ಬಟ್ಟೆಯನ್ನು ಕತ್ತರಿಸಲಿಲ್ಲ. ಬರುವವರು ಕಡಿಮೆಯಾದರು. ಮಧ್ಯಾಹ್ನಗಳು ಉದ್ದವಾದವು.

ರುದ್ರಮುನಿ ಕಾರನ್ನು ಗಿರಣಿಗೆ ಒಯ್ಯುತ್ತಿದ್ದ. ಅದು ನೇರ ರಸ್ತೆ. ಗುಡ್ಡಕ್ಕೆ ಹೋಗೋಣವೇ ಎಂದು ಅವಳು ಕೇಳಿದರೆ, ಈ ದಿನ ಜನ ಜಾಸ್ತಿ ಎನ್ನುವನು. ಇನ್ನೊಂದು ದಿನ, ಬಿಸಿಲು ಎನ್ನುವನು. ಕೇಳುವುದನ್ನು ಅವಳು ಬಿಟ್ಟಳು. ಸಂಜೆಯ ಹೊತ್ತು ಅವನು ಒಬ್ಬನೇ ಕಾರು ತೆಗೆದುಕೊಂಡು ಹೋಗಿ ಕತ್ತಲಾದ ಮೇಲೆ ಬರುತ್ತಿದ್ದ.

“ಎಲ್ಲಿಗೆ ಹೋಗಿದ್ದಿರಿ?”

“ಹೀಗೇ ಒಂದು ಸುತ್ತು.”

ಅವಳು ಮತ್ತೆ ಕೇಳುತ್ತಿರಲಿಲ್ಲ. ನನ್ನ ಜೊತೆ ಇರಲು ಇವರಿಗೆ ಇಷ್ಟವಿಲ್ಲ ಎಂದು ತಿಳಿದಳು. ಕಾರಿನ ಎರಡನೆಯ ಸೀಟಿನ ಮೇಲೆ ಈಗ ಎಣ್ಣೆಯ ಮಾದರಿ ಶೀಸೆಗಳ ಪೆಟ್ಟಿಗೆ ಕೂತಿರುತ್ತಿತ್ತು. ಮನೆಯಲ್ಲಿ ಇಬ್ಬರೂ ಒಳ್ಳೆಯ ಮಾತನ್ನೇ ಆಡುತ್ತಿದ್ದರು. ಊಟಕ್ಕೆ ಏಳಿ, ಮಜ್ಜಿಗೆ ಬೇಕೇ, ಬಾಗಿಲು ಹಾಕಿದೆಯಾ. ಹೊರಗಿನವರು ನೋಡಿದರೆ ಹೊಂದಿಕೊಂಡು ಬಾಳುತ್ತಿರುವ ಗಂಡಹೆಂಡತಿ. ಹಾಗೆ ಏಳೆಂಟು ವರ್ಷ ಹೋಯಿತು.

ಒಂದು ದಿನ ಗಿರಣಿಯಲ್ಲಿ, ಎಲ್ಲರ ಎದುರಿಗೇ, ರುದ್ರಮುನಿ ಎದೆ ಹಿಡಿದುಕೊಂಡು ಕುಸಿದ. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಜೀವ ಹೋಗಿತ್ತು.

ನೆಂಟರು ಬಂದರು, ಹೋದರು. ಗಿರಣಿಯನ್ನು ಅವನ ತಮ್ಮ ನೋಡಿಕೊಂಡ. ಕಾರನ್ನು ಮಾರಿಬಿಡಿ ಅತ್ತಿಗೆ, ನಿಮಗೆ ಯಾಕೆ ಎಂದ. ಇರಲಿ ಎಂದಳು. ಯಾಕೆ ಇರಲಿ ಎಂದು ಅವಳಿಗೂ ಗೊತ್ತಿರಲಿಲ್ಲ. ಅದಕ್ಕೆ ಒಂದು ಹೊದಿಕೆ ಹಾಕಿಸಿ ಹಿತ್ತಿಲ ಚಪ್ಪರದ ಕೆಳಗೆ ನಿಲ್ಲಿಸಿದರು.

ಮನೆ ಖಾಲಿಯಾಯಿತು. ಒಬ್ಬಳಿಗೆ ಎಷ್ಟು ಅಕ್ಕಿ ಹಾಕಬೇಕೆಂಬುದು ಅವಳಿಗೆ ಬಹಳ ದಿನ ತಿಳಿಯಲಿಲ್ಲ. ಲೋಟ ಜಾರಿ ಬಿದ್ದರೆ ಆ ಸದ್ದು ಕೇಳಿ ಏನಾಯಿತು ಎನ್ನುವವರು ಇರಲಿಲ್ಲ. ಮಾತಾಡದೆ ಎಷ್ಟು ಹೊತ್ತಾಯಿತು ಎಂದು ಗೊತ್ತಾಗುತ್ತಿದ್ದುದು ಹಾಲಿನವನು ಬಂದಾಗ. ಆಗ ಅವಳ ದನಿ ಒಡೆದು ಹೊರಡುತ್ತಿತ್ತು.

ಒಂದು ಬೆಳಗ್ಗೆ ಅವಳು ಹೋಗಿ ಕಾರಿನ ಹೊದಿಕೆ ತೆಗೆದಳು. ಕೈ ಸರಿಯಿಲ್ಲದಿದ್ದರೆ ಇರಲಿ, ಹೇಳುವವರು ಯಾರಿದ್ದಾರೆ ಎಂದುಕೊಂಡಳು. ಗಿರಣಿಯ ಡ್ರೈವರನ್ನು ಕರೆಸಿ ಬ್ಯಾಟರಿ ಹಾಕಿಸಿದಳು. ಮರುದಿನದಿಂದ ದಿನವೂ ಬೆಳಗ್ಗೆ ಗಿರಣಿಯ ರಸ್ತೆಯಲ್ಲಿ ಹೋಗಿ ಬರತೊಡಗಿದಳು. ಕಾರು ಎಳೆಯುತ್ತಿತ್ತು. ತಗ್ಗು ಸಿಕ್ಕಿದ ಕಡೆಯೆಲ್ಲ ಅದು ಒಂದು ದಿಕ್ಕಿಗೆ, ಅವಳು ಒಂದು ದಿಕ್ಕಿಗೆ. ಹಿಡಿದು ಹಿಡಿದು ಅಂಗೈಯಲ್ಲಿ ಬೊಬ್ಬೆಗಳು ಎದ್ದವು. ಆದರೂ ಬಿಡಲಿಲ್ಲ. ಇಡೀ ದಿನದಲ್ಲಿ ಅವಳನ್ನು ಹಿಡಿದು ಎಳೆಯುತ್ತಿದ್ದುದು ಅದೊಂದೇ.

ಹೀಗಿರುವಾಗ ಒಂದು ದಿನ ಕಾರು ತೊಳೆಯಲು ಕೂತಳು. ಚಕ್ರದ ಕೆಸರನ್ನು ಬಟ್ಟೆಯಿಂದ ಒರೆಸುತ್ತಿದ್ದಾಗ ಕೈ ನಿಂತಿತು. ಟೈರಿನ ನಡುವೆ ಗೆರೆಗಳು ಸವೆದು ತೆಳುವಾಗಿದ್ದವು. ಎರಡು ಅಂಚಿನಲ್ಲಿ ಮಾತ್ರ ಹೊಸ ಟೈರಿನ ಮೇಲಿರುವ ಸಣ್ಣ ರಬ್ಬರು ಕೂದಲುಗಳು ಇನ್ನೂ ಹಾಗೆಯೇ ಇದ್ದವು. ಇಷ್ಟು ವರ್ಷ ಓಡಿದ ಟೈರಿನ ಅಂಚು ನೆಲವನ್ನೇ ಮುಟ್ಟಿಲ್ಲ.

ಬಟ್ಟೆ ಎಲ್ಲಿ ಸವೆದಿದೆ ಎಂದು ನೋಡಿದರೆ ಅದು ಮೈಗೆ ಎಲ್ಲಿ ಒತ್ತುತ್ತಿತ್ತು ಎಂದು ಹೊಲಿಯುವವರಿಗೆ ತಿಳಿಯುತ್ತದೆ. ಅವಳು ಒಳಗೆ ಹೋಗಿ ಹೊಲಿಗೆಯ ಪೆಟ್ಟಿಗೆಯಿಂದ ಸೀಮೆಸುಣ್ಣ ತಂದಳು. ಟೈರಿನ ಈ ಅಂಚಿನಿಂದ ಆ ಅಂಚಿಗೆ ಅಡ್ಡಲಾಗಿ ಒಂದು ಗೆರೆ ಎಳೆದಳು. ಕಾರನ್ನು ಗೇಟಿನವರೆಗೆ ಓಡಿಸಿ ಇಳಿದು ನೋಡಿದಳು. ಗೆರೆಯ ನಡುಭಾಗ ಅಳಿಸಿತ್ತು. ಎರಡು ತುದಿ ಉಳಿದಿದ್ದವು.

ಗಾಳಿ ಹೆಚ್ಚಾಗಿದ್ದರೂ ಹೀಗಾಗುತ್ತದೆ ಎಂದು ಪೆಟ್ರೋಲ್ ಬಂಕಿನವನು ಹೇಳಿ ಸ್ವಲ್ಪ ಗಾಳಿ ಬಿಟ್ಟ. ಆಗ ಕಾರು ಇನ್ನಷ್ಟು ಓಲಾಡಿತು. ಅವಳು ಮತ್ತೆ ಗಾಳಿ ತುಂಬಿಸಲು ಹೋಗದೆ ಮನೆಗೆ ಬಂದಳು. ಅಳತೆಯ ಟೇಪು ತಂದು ಚಕ್ರದ ಪಕ್ಕ ನೆಲದ ಮೇಲೆ ಕೂತಳು. ಟೈರನ್ನು ಹಿಡಿದಿರುವ ಕಬ್ಬಿಣದ ಬಳೆಗೆ ರಿಮ್ಮು ಎನ್ನುತ್ತಾರೆ. ಟೈರಿನ ಅಗಲವನ್ನು ಅಳೆದಳು. ರಿಮ್ಮಿನ ಈ ಅಂಚಿನಿಂದ ಆ ಅಂಚಿಗೆ ಎಷ್ಟೆಂದು ಅಂದಾಜು ಮಾಡಿದಳು. ರಿಮ್ಮು ಬಹಳ ಕಿರಿದು. ಅಗಲದ ಟೈರು ಅದರೊಳಗೆ ಬುಡವನ್ನು ಇರುಕಿಸಿಕೊಂಡು, ಎರಡು ಪಕ್ಕಕ್ಕೂ ಉಬ್ಬಿ, ನಡು ಬೆನ್ನು ಎತ್ತಿ ನಿಂತಿತ್ತು. ದೊಡ್ಡ ಘೇರಿನ ಲಂಗವನ್ನು ಸಣ್ಣ ಸೊಂಟಪಟ್ಟಿಗೆ ಹಿಡಿದು ಹೊಲಿದರೆ ಹೀಗೆಯೇ ಆಗುತ್ತದೆ. ನಿಂತಾಗ ತುಂಬಿಕೊಂಡು ಕಾಣುತ್ತದೆ. ನಡೆಯುವಾಗ ಮೈ ಒಂದು ಕಡೆಗೆ, ಲಂಗ ಒಂದು ಕಡೆಗೆ.

ಅವಳಿಗೆ ಅರ್ಥವಾಯಿತು. ಆದರೆ ಒಪ್ಪಿಕೊಳ್ಳಲು ಧೈರ್ಯವಾಗಲಿಲ್ಲ. ಅಳೆದದ್ದೂ ಅದೇ ಕೈಯಲ್ಲವೇ. ತಿಳಿದವರನ್ನು ಕೇಳೋಣ ಎಂದು ಕಾರನ್ನು ಮೆಲ್ಲಗೆ ಓಡಿಸಿಕೊಂಡು ಮಕ್ಬೂಲ್ ಸಾಹೇಬರ ಅಂಗಡಿಗೆ ಹೋದಳು.

ಸಾಹೇಬರಿಗೆ ವಯಸ್ಸಾಗಿತ್ತು. ಕಾರನ್ನು ದೂರದಿಂದಲೇ ಗುರುತಿಸಿ ಎದ್ದು ನಿಂತರು. ಇಳಿದವಳನ್ನು ಕಂಡು, “ಬನ್ನಿ ತಾಯಿ,” ಎಂದು ಸ್ಟೂಲು ಹಾಕಿದರು. ಅವಳು ಕೂರಲಿಲ್ಲ.

“ಈ ಟೈರು ಈ ರಿಮ್ಮಿಗೆ ಸರಿಯೇ?” ಎಂದು ಕೇಳಿದಳು.

ಅವರು ಟೈರನ್ನು ನೋಡಲಿಲ್ಲ. ನೋಡಬೇಕಾಗಿರಲಿಲ್ಲ.

“ಸರಿಯಲ್ಲ ತಾಯಿ,” ಎಂದರು. “ರಿಮ್ಮು ಐದೂವರೆ ಇಂಚು ಅಗಲದ್ದು. ಈ ಟೈರಿಗೆ ಏಳಿಂಚಿನದು ಬೇಕು. ಟೈರು ಒಳ್ಳೆಯದೇ, ರಿಮ್ಮೂ ಗಟ್ಟಿ. ಒಂದಕ್ಕೊಂದು ಕೂಡುವುದಿಲ್ಲ, ಅಷ್ಟೇ. ನೇರ ಹೋಗುವಾಗ ಗೊತ್ತಾಗದು. ತಿರುವಿನಲ್ಲಿ ಟೈರು ರಿಮ್ಮಿನ ಮೇಲೆಯೇ ಹೊರಳುತ್ತದೆ. ಎಂಥವರ ಕೈಗೂ ಗಾಡಿ ಸಿಗುವುದಿಲ್ಲ.”

“ಎಂಥವರ ಕೈಗೂ?” ಎಂದಳು ಅವಳು.

“ಎಂಥವರ ಕೈಗೂ.”

ಆಗ ಅವಳು ಸ್ಟೂಲಿನ ಮೇಲೆ ಕೂತಳು. ಸಾಹೇಬರು ಪಕ್ಕದ ಅಂಗಡಿಯಿಂದ ಚಹಾ ತರಿಸಿದರು. ಅವಳು ಕುಡಿಯದೆ ಲೋಟವನ್ನು ಹಿಡಿದುಕೊಂಡೇ ಇದ್ದಳು.

“ಇದು ಅವರಿಗೆ ಗೊತ್ತಿತ್ತೇ?”

ಸಾಹೇಬರು ಹೇಳಿದರು: “ಹಾಕುವ ದಿನವೇ ಹೇಳಿದೆ ತಾಯಿ. ಅಗಲದ ರಿಮ್ಮು ಹೊರಗಿನಿಂದ ತರಿಸಬೇಕು, ಬರುವವರೆಗೆ ಹಳೇ ಅಳತೆಯ ಟೈರೇ ಇರಲಿ ಎಂದೆ. ಅವರು ಕೇಳಲಿಲ್ಲ. ಕಾರು ಈ ಸಂಜೆ ಮನೆ ಮುಂದೆ ನಿಂತರೆ ಇದೇ ಟೈರಿನಲ್ಲಿ ನಿಲ್ಲಬೇಕು, ರಿಮ್ಮು ಆಮೇಲೆ ನೋಡೋಣ ಎಂದರು. ಅಷ್ಟು ಹಳೆಯ ಕಾರಿಗೆ ಅಗಲದ ರಿಮ್ಮು ಎಲ್ಲಿಯೂ ಸಿಗಲಿಲ್ಲ. ಗೋಡೆಗೆ ತಗಲಿತಲ್ಲ, ಅದಾದ ವಾರ ಬಂದರು. ಈ ಸ್ಟೂಲಿನ ಮೇಲೆಯೇ ಕೂತರು. ತಿರುವಿನಲ್ಲಿ ನನಗೂ ಹೆದರಿಕೆಯಾಗುತ್ತದೆ ಸಾಹೇಬರೇ ಎಂದರು. ಬಿಚ್ಚಿ ಹಳೇ ಅಳತೆಯದು ಹಾಕಿಕೊಡುತ್ತೇನೆ, ಒಂದು ಗಳಿಗೆಯ ಕೆಲಸ ಎಂದೆ. ಈಗ ಬಿಚ್ಚಿಸಿದರೆ ಮನೆಯಲ್ಲಿ ಏನು ಹೇಳಲಿ, ಅವಳ ಕೈ ಸರಿಯಿಲ್ಲ ಎಂದು ಹೇಳಿಬಿಟ್ಟಿದ್ದೇನೆ ಎಂದರು.”

ಲಾರಿಯೊಂದು ಹೋಯಿತು. ಅದರ ಸದ್ದು ಮುಗಿಯುವವರೆಗೆ ಸಾಹೇಬರು ಕಾದರು.

“ಆಮೇಲೆ ಆ ಮಾತು ಎತ್ತಲಿಲ್ಲ. ಆದರೆ ದಿನಾ ಸಂಜೆ ಬರುತ್ತಿದ್ದರು. ಅಂಗಡಿಯ ಮುಂದೆ ಕಾರು ನಿಲ್ಲಿಸಿ ಕತ್ತಲಾಗುವವರೆಗೆ ಕೂತಿರುತ್ತಿದ್ದರು.”

“ಕೂತು ಏನು ಮಾಡುತ್ತಿದ್ದರು?”

“ಏನೂ ಇಲ್ಲ ತಾಯಿ. ರಸ್ತೆ ನೋಡುತ್ತಿದ್ದರು.”

ಸರ್ವಮಂಗಳ ಲೋಟವನ್ನು ಕೆಳಗಿಟ್ಟಳು. ಹಳೇ ಅಳತೆಯ ಟೈರು ಹಾಕಿಕೊಡಿ ಎಂದಳು.

ಕೆಲಸ ಬೇಗ ಮುಗಿಯಿತು. ಕಾರು ಈಗ ಸಣಕಲಾಗಿ, ಸಾಧಾರಣವಾಗಿ ಕಾಣುತ್ತಿತ್ತು. ಬಿಚ್ಚಿದ ಟೈರುಗಳನ್ನು ಸಾಹೇಬರು ಗೋಡೆಗೆ ಒರಗಿಸಿದರು. ಏನು ಮಾಡಲಿ ಎಂದು ಕೇಳಿದರು. ರಿಮ್ಮು ಇರುವವರಿಗೆ ಕೊಡಿ ಎಂದಳು.

ಅವಳು ಮನೆಗೆ ಹೋಗಲಿಲ್ಲ. ನೇರ ಗುಡ್ಡದ ರಸ್ತೆ ಹಿಡಿದಳು. ಮೊದಲ ತಿರುವು ಬಂದಾಗ ಹಲ್ಲು ಕಚ್ಚಿ ಸ್ಟೀರಿಂಗನ್ನು ಬಿಗಿಯಾಗಿ ಹಿಡಿದಳು. ಅಷ್ಟು ಬಿಗಿ ಬೇಕಾಗಿರಲಿಲ್ಲ. ಕೈ ಹೋದ ಕಡೆಗೆ ಕಾರು ಹೋಯಿತು. ಎರಡನೆಯ ತಿರುವಿನಲ್ಲಿ ಹಿಡಿತ ಸಡಿಲಿಸಿದಳು. ಆಗಲೂ ಹೋಯಿತು. ಮಿಕ್ಕ ತಿರುವುಗಳನ್ನೆಲ್ಲ ಅವಳು ಹಾಗೆಯೇ ದಾಟಿ ಗೋಪುರದ ಬುಡಕ್ಕೆ ಬಂದು ನಿಂತಳು.

ಅಲ್ಲಿ ಯಾರೂ ಇರಲಿಲ್ಲ. ಬಂಡೆಯ ಮೇಲೆ ಗಾಳಿ ಬೀಸುತ್ತಿತ್ತು. ಕೆಳಗೆ ಊರು, ಗಿರಣಿಯ ಕೊಳವೆ, ಹೆದ್ದಾರಿಯ ಮೇಲೆ ಲಾರಿಗಳು. ಸಂತೋಷವಾಗಬಹುದೆಂದು ಅವಳು ಕಾದಳು. ಆಗಲಿಲ್ಲ. ಮೊದಲು ಬಂದದ್ದು ಸಿಟ್ಟು. ಕತ್ತರಿಸದೆ ಹಿಂದಕ್ಕೆ ಕೊಟ್ಟ ಬಟ್ಟೆಗಳೆಲ್ಲ ನೆನಪಾದವು. ಇಷ್ಟು ವರ್ಷ ತನ್ನ ಕೈಗಳನ್ನೇ ನಂಬದೆ ಬದುಕಿದ್ದು ನೆನಪಾಯಿತು. ಆ ಸಿಟ್ಟನ್ನು ಹಿಡಿದುಕೊಂಡು ಅವಳು ಬಹಳ ಹೊತ್ತು ಕೂತಳು.

ಆಮೇಲೆ ಆ ಸ್ಟೂಲಿನ ಮೇಲೆ ಕೂತು ರಸ್ತೆ ನೋಡುವ ಮನುಷ್ಯ ಕಣ್ಣಿಗೆ ಕಟ್ಟಿದ. ಒಂದೇ ಒಂದು ಮಾತು. ಅದನ್ನು ಹಿಂದಕ್ಕೆ ತೆಗೆದುಕೊಳ್ಳಲಾರದೆ ದಿನಾ ಸಂಜೆ ಮನೆ ಬಿಟ್ಟು ಹೋಗಿ, ಕತ್ತಲಾಗಲೆಂದು ಕಾಯುತ್ತಿದ್ದವನು. ಅವಳು ಮನೆಯಲ್ಲಿ ಒಬ್ಬಳೇ, ಅವನು ಅಲ್ಲಿ ಒಬ್ಬನೇ. ನಡುವೆ ಒಂದು ಮೈಲಿಯೂ ಇರಲಿಲ್ಲ.

ಅವಳಿಗೆ ಯಾರಿಗಾದರೂ ಹೇಳಬೇಕೆನಿಸಿತು. ನನ್ನ ಕೈ ಸರಿಯಾಗಿದೆ, ಮೊದಲಿನಿಂದಲೂ ಸರಿಯಾಗಿತ್ತು ಎಂದು. ಪುಟ್ಟತಾಯಿಗೆ ಹೇಳಬಹುದು, ಮೈದುನನಿಗೆ ಹೇಳಬಹುದು. ಅವರಿಗೆ ಅದು ಏನೂ ಅಲ್ಲ. ಹೇಳಬೇಕಾಗಿದ್ದುದು ಒಬ್ಬನಿಗೆ. ಆ ಒಬ್ಬನಿಗೆ ಅದು ಮೊದಲೇ ಗೊತ್ತಿತ್ತು.

ಅವಳು ಅಲ್ಲಿ ಅತ್ತಳು. ಗಂಡ ಸತ್ತ ದಿನ ಜನರ ನಡುವೆ ಅತ್ತದ್ದಕ್ಕಿಂತ ಹೆಚ್ಚು ಅತ್ತಳು. ಬಿಸಿಲು ಇಳಿಯುವ ಮೊದಲು ಕಾರನ್ನು ತಿರುಗಿಸಿ ಗುಡ್ಡ ಇಳಿದಳು.

ಆ ವಾರವೇ ಪುಟ್ಟತಾಯಿಯನ್ನು ಕರೆದು, ಕತ್ತರಿಸಬೇಕಾದ ಬಟ್ಟೆ ಇದ್ದರೆ ತಂದುಕೊಡು ಎಂದಳು. ಬಟ್ಟೆ ಬಂತು. ಕತ್ತರಿ ಎಲ್ಲಿಯೂ ನಿಲ್ಲಲಿಲ್ಲ. ಮತ್ತೆ ಹೆಂಗಸರು ಬರತೊಡಗಿದರು. ಅವರು ಮನೆಯಲ್ಲಿರುವಷ್ಟು ಹೊತ್ತು ಮಾತು ಇರುತ್ತಿತ್ತು. ಅವರು ಹೋದ ಮೇಲೆ ಇರುತ್ತಿರಲಿಲ್ಲ. ಕೆಲವು ಸಂಜೆ ಅವಳು ಕಾರು ತೆಗೆದುಕೊಂಡು ಗುಡ್ಡಕ್ಕೆ ಹೋಗುವಳು. ತಿರುವುಗಳಲ್ಲಿ ಕಾರು ಹೇಳಿದ ಹಾಗೆ ಕೇಳುವುದು. ಅದು ಎಳೆಯದೆ ಹೋಗುವಾಗ ಅವಳಿಗೆ ಒಮ್ಮೊಮ್ಮೆ ಕೈ ಖಾಲಿ ಅನಿಸುವುದು. ಹಾಗೆಯೇ ಬದುಕಿದಳು.

ಗುರುಗಳು ಕತೆ ನಿಲ್ಲಿಸಿದರು.

ಅಡವೀಶನ ಮುಖ ಹಗುರವಾಯಿತು.

“ತಿಳಿಯಿತು, ಬುದ್ಧಿ. ಟೈರಿನದೂ ತಪ್ಪಿಲ್ಲ, ರಿಮ್ಮಿನದೂ ತಪ್ಪಿಲ್ಲ. ಅಳತೆ ಕೂಡಲಿಲ್ಲ. ನಾನು ಮೌನವಾಗಿರುವವನು, ಗುರುಪಾದ ಎದ್ದರೆ ಕೂತರೆ ಹಾಡುವವನು. ನಮ್ಮಿಬ್ಬರ ಅಳತೆಯೂ ಕೂಡಲಿಲ್ಲ. ಯಾರದೂ ತಪ್ಪಲ್ಲ ಎಂದು ನೀವು ಹೇಳುತ್ತಿದ್ದೀರಿ.”

“ಹೋಗುವಾಗ ಅವನು ಏನೆಂದ?” ಎಂದು ಗುರುಗಳು ಕೇಳಿದರು.

“ತನ್ನನ್ನೇ ಹಳಿದುಕೊಂಡ, ಬುದ್ಧಿ. ನನ್ನ ಮನಸ್ಸು ನಿಲ್ಲುವ ಮನಸ್ಸಲ್ಲ, ಈ ದಾರಿಗೆ ನಾನು ಯೋಗ್ಯನಲ್ಲ ಎಂದ.”

“ನಿಲ್ಲುವ ಮನಸ್ಸಲ್ಲ ಎಂದು ಅವನಿಗೆ ಮೊದಲು ಮೆಲ್ಲಗೆ ಹೇಳಿದವರು ಯಾರು, ಅಡವೀಶ?”